ಮಾತಿಲ್ಲದ ಅನೃತ

ಬಾಯಿಂದ ಒಂದಕ್ಷರವನ್ನೂ ಆಡದೆ ಸುಳ್ಳು ಹೇಳಲಾಗುವುದೇ? ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಹಾಕಿದ್ದರೆ, ಸಂಜ್ಞೆಯಿಂದ ಹೇಳಬಹುದು, ಮೌನದಿಂದಲೂ ಹೇಳಬಹುದು ಎಂದು ಥಟ್ಟನೆ ಉತ್ತರವಿತ್ತು ಸುಮ್ಮನಾಗುತ್ತಿದ್ದೆನು. ಅರುವತ್ತು ದಾಟಿದ ಮೇಲೆ, ಅದೂ ದೂರದ ಅಮೆರಿಕೆಯಲ್ಲಿ, ಹಳೆಯದೊಂದು ಕಾರಿನ ಅಡಿಯಿಂದ ಹೊರಚಾಚಿದ್ದ ಮಗನ ಕಾಲುಗಳನ್ನು ನೋಡುತ್ತ ನಿಂತಿದ್ದಾಗ, ಅದೇ ಪ್ರಶ್ನೆಯು ಬೇರೆ ರೂಪದಿಂದ ನನ್ನನ್ನು ಹಿಡಿಯಿತು. ವಾಚಕರು ಯಂತ್ರದ ವಿವರವನ್ನು ಸ್ವಲ್ಪ ಸಹಿಸಿಕೊಳ್ಳಬೇಕು. ಅದಿಲ್ಲದೆ ಇಲ್ಲಿಯ ಧರ್ಮಸೂಕ್ಷ್ಮವು ತಿಳಿಯಲಾರದು.

2023ರ ಬೇಸಗೆಯಲ್ಲಿ ಕ್ಯಾಲಿಫೋರ್ನಿಯದಲ್ಲಿರುವ ಮಗನ ಮನೆಗೆ ಹೋಗಿದ್ದೆನು. ಅವನಲ್ಲಿ 1983ನೆಯ ವರ್ಷದ ಮರ್ಸಿಡಿಸ್ 300 ಡಿ ಎಂಬ ಡೀಸೆಲ್ ಕಾರೊಂದಿತ್ತು. ಜರ್ಮನಿಯವರು 1976ರಲ್ಲಿ ಹೊರತಂದು 1986ರಲ್ಲಿ ನಿಲ್ಲಿಸಿದ ಈ ಮಾದರಿಯ ಗಾಡಿಗಳು, ಎಲ್ಲ ಬಗೆಗಳೂ ಸೇರಿ, 26 ಲಕ್ಷಕ್ಕಿಂತ ಹೆಚ್ಚು ತಯಾರಾದುವಂತೆ. ನಲವತ್ತು ವರ್ಷಗಳಾದ ಮೇಲೂ ಅನೇಕವು ಓಡುತ್ತಲೇ ಇವೆ. ಮಗನ ಗಾಡಿಯಲ್ಲಿ ಕ್ಲಚ್ಚಿನ ತುಳಿಗೋಲಿಲ್ಲ. ಗೇರು ತಾನಾಗಿಯೇ ಬದಲಾಗುತ್ತದೆ. ಆದರೆ ಬದಲಾಗುವಾಗಲೆಲ್ಲ ಹಿಂದಿನಿಂದ ಯಾರೋ ಒದ್ದಂತೆ ಒಂದು ಧಕ್ಕೆ. ಮನೆಗೆ ಮಗು ಬರುವುದರಲ್ಲಿತ್ತು; ಹೊಸ ಗಾಡಿಯೊಂದನ್ನು ಕೊಳ್ಳಲು ಇದನ್ನು ಮಾರಬೇಕಾಗಿತ್ತು. ಒದೆಯುವ ಗಾಡಿಯನ್ನು ಯಾರು ಕೊಂಡಾರು? ಆಗ ಅವನ ಸ್ನೇಹಿತನೊಬ್ಬನು ಉಪಾಯವನ್ನು ಹೇಳಿದನು. ಗೇರುಪೆಟ್ಟಿಗೆಯ ಪಕ್ಕದಲ್ಲಿ ಬಿಲ್ಲೆಯಾಕಾರದ ಒಂದು ಸಣ್ಣ ಡಬ್ಬಿ. ಅದರ ರಬ್ಬರು ಮುಚ್ಚಳವನ್ನು ಕಿತ್ತರೆ ಒಳಗೊಂದು ಕೀಲಿ. ಅದನ್ನು ಒಂದೆರಡು ಸುತ್ತು ತಿರುಗಿಸಿದರಾಯಿತು, ಗಾಡಿ ಬೆಣ್ಣೆಯಲ್ಲಿ ಕೂದಲೆಳೆದಂತೆ ಹೋಗುವುದು. ಖರ್ಚು ಏನೂ ಇಲ್ಲ.

ಆ ಕೀಲಿ ಮಾಡುವುದೇನು? ಪೆಟ್ರೋಲ್ ಯಂತ್ರದಲ್ಲಿ ಉಸಿರಿನ ದಾರಿಗೆ ಅಡ್ಡವಾಗಿ ಒಂದು ಕದವಿರುವುದರಿಂದ ಅದರ ಹಿಂದೆ ನಿರ್ವಾತವು ತಾನಾಗಿ ಹುಟ್ಟುತ್ತದೆ. ಈ ಡೀಸೆಲ್ ಯಂತ್ರಕ್ಕೆ ಆ ಕದವಿಲ್ಲ. ಆದುದರಿಂದ ಗಾಳಿಯನ್ನು ಹೀರುವ ಪಂಪೊಂದನ್ನು ಯಂತ್ರದ ಮುಂಭಾಗದಲ್ಲಿ ಕೂರಿಸಿದ್ದಾರೆ. ಅದು ಹುಟ್ಟಿಸಿದ ನಿರ್ವಾತವೇ ಬ್ರೇಕಿಗೆ ಬಲ ಕೊಡುವುದು. ಅದೇ ಬಾಗಿಲುಗಳ ಬೀಗ ಹಾಕುವುದು. ಬೀಗದ ಕೈ ತಿರುಗಿಸಿದಾಗ ಯಂತ್ರವನ್ನು ನಿಲ್ಲಿಸುವುದೂ ಅದೇ. ಅದರ ಒಂದು ಕವಲು ಗೇರುಪೆಟ್ಟಿಗೆಗೆ ಹೋಗಿ, ಯಂತ್ರದ ಮೇಲೆ ಈಗ ಭಾರವೆಷ್ಟಿದೆ ಎಂಬ ವರ್ತಮಾನವನ್ನು ತಲಪಿಸುತ್ತದೆ. ಕಾಲನ್ನು ಹಗುರವಾಗಿ ಊರಿದ್ದರೆ ನಿರ್ವಾತವು ಹೆಚ್ಚು. ಪೆಟ್ಟಿಗೆಯು ಮೆಲ್ಲನೆ ಗೇರು ಬದಲಿಸುತ್ತದೆ. ಬಲವಾಗಿ ತುಳಿದರೆ ನಿರ್ವಾತವು ಇಳಿಯುತ್ತದೆ. ಪೆಟ್ಟಿಗೆಯು ಎಣ್ಣೆಯ ಒತ್ತಡವನ್ನು ಏರಿಸಿ ಒಳಗಿನ ಬಿಲ್ಲೆಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಎಲ್ಲಿಯೋ ಒಂದು ಕೊಳವೆ ಸೀಳಿ ಗಾಳಿ ನುಗ್ಗಿತೆನ್ನಿ: ಸವಾರನು ಹಗುರವಾಗಿ ತುಳಿದಿದ್ದರೂ ಬೆಟ್ಟ ಹತ್ತುತ್ತಿರುವನೆಂದೇ ಪೆಟ್ಟಿಗೆ ತಿಳಿದು ಬಿಗಿಹಿಡಿಯುತ್ತದೆ. ಧಕ್ಕೆಯ ಕಾರಣವಿದು. ಕೀಲಿಯು ಆ ಒತ್ತಡವನ್ನೇ ಕೆಳಗಿಳಿಸುತ್ತದೆ. ಸೋರಿಕೆಯು ಇದ್ದಲ್ಲಿಯೇ ಇದ್ದು ಧಕ್ಕೆ ಮಾತ್ರ ಮಾಯವಾಗುತ್ತದೆ. ಆದರೆ ನಿಜವಾಗಿಯೂ ಭಾರ ಬಿದ್ದಾಗ ಬಿಲ್ಲೆಗಳಿಗೆ ಬೇಕಾದ ಹಿಡಿತವು ಸಿಗದೆ ಅವು ಜಾರಿ, ಕಾದು, ಸುಟ್ಟುಹೋಗುತ್ತವೆ. ಅದು ಕೊಂಡವನ ಮನೆಯಲ್ಲಿ ಆಗುವ ಕಥೆ.

“ಬೇಡ” ಎಂದೆನು. ಮಗನು ಕೋಪಿಸಿಕೊಳ್ಳಲಿಲ್ಲ, ವಾದಕ್ಕೆ ನಿಂತನು. ಕೊಳ್ಳುವವನು ತಾನೇ ಓಡಿಸಿ ನೋಡುತ್ತಾನೆ. ನಾನು ಏನನ್ನೂ ಹೊಗಳುವುದಿಲ್ಲ. ಆ ಕೀಲಿಯನ್ನು ಗಾಡಿ ಮಾಡಿದವರೇ ತಿರುಗಿಸುವುದಕ್ಕೆಂದು ಇಟ್ಟಿದ್ದಾರೆ, ಇದರಲ್ಲಿ ಸುಳ್ಳೆಲ್ಲಿ ಬಂತು ಎಂದನು. ವಾದವು ಸುಲಭವಾದುದಲ್ಲ. ದೋಷವಿಲ್ಲದ ಸರಕನ್ನು ತೋರಿಸಿ ದೋಷವುಳ್ಳದ್ದನ್ನು ಕೊಡುವವನಿಗೆ ಬೆಲೆಯ ಇಮ್ಮಡಿಯನ್ನು ತೆರುವಂತೆ ನಾರದಸ್ಮೃತಿಯು ವಿಧಿಸುವುದುಂಟು. ಆದರೆ ಇಲ್ಲಿ ತೋರಿಸಿದ್ದೂ ಕೊಟ್ಟದ್ದೂ ಒಂದೇ ಗಾಡಿಯಷ್ಟೆ. ಸ್ಮೃತಿಯ ಮಾತಿಗೆ ಇವನು ಸಿಕ್ಕುವಂತಿಲ್ಲ.

ನನಗೆ ಉತ್ತರವು ಹೊಳೆದದ್ದು ನ್ಯಾಯಶಾಸ್ತ್ರದ ಮೊದಲ ಪಾಠದಿಂದ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವೆವು. ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವು ಕೆಡುತ್ತದೆ. ಈ ಭ್ರಮೆಯು ನೋಡುವವನ ಅಜಾಗ್ರತೆಯೆಂದೇ ನಾವು ಓದಿದ್ದು. ಬೆಟ್ಟದ ಮೇಲೆ ಬೇಕೆಂದೇ ಮಂಜು ಹಬ್ಬಿಸುವವನೊಬ್ಬನಿದ್ದರೆ? ಕೊಳ್ಳುವವನು ಗಾಡಿಯ ನಯವಾದ ನಡೆಯನ್ನು ಕಂಡು ಅದರ ಆರೋಗ್ಯವನ್ನು ಊಹಿಸುತ್ತಾನೆ. ಅವನ ಊಹೆಯ ಕ್ರಮದಲ್ಲಿ ತಪ್ಪಿಲ್ಲ. ಅವನಿಗೊದಗಿಸಿದ ಹೇತುವೇ ಕಳ್ಳ ಹೇತು. ಬಾಯಿಂದ ಸುಳ್ಳಾಡುವವನು ಶಬ್ದವೆಂಬ ಒಂದು ಪ್ರಮಾಣವನ್ನು ಕೆಡಿಸುತ್ತಾನೆ. ಕೇಳುವವನಿಗೆ ನಂಬದಿರುವ ಸ್ವಾತಂತ್ರ್ಯವಾದರೂ ಉಂಟು. ಕೀಲಿ ತಿರುಗಿಸುವವನಾದರೋ ಮತ್ತೊಬ್ಬನ ಸ್ವಂತ ಕಣ್ಣನ್ನೂ ಕೈಯನ್ನೂ ಅವನಿಗೇ ವಿರುದ್ಧವಾಗಿ ಸಾಕ್ಷಿ ನುಡಿಸುತ್ತಾನೆ. ನನಗೆ ಇದು ಹೆಚ್ಚಿನ ಪಾಪವಾಗಿ ತೋರುತ್ತದೆ. ಅಶ್ವತ್ಥಾಮನ ವಿಷಯದಲ್ಲಿ ಅರ್ಧಸತ್ಯವನ್ನಾಡಿದ ಮೇಲೆ, ಅದುವರೆಗೆ ನೆಲದಿಂದ ನಾಲ್ಕಂಗುಲ ಮೇಲೆ ಹರಿಯುತ್ತಿದ್ದ ಧರ್ಮರಾಯನ ರಥವು ನೆಲಕ್ಕಿಳಿಯಿತೆಂದು ಭಾರತದಲ್ಲಿದೆಯಲ್ಲವೇ! ಮಗನಿಗೆ ಇದನ್ನು ಹೇಳಲು, ಈ ಗಾಡಿ ಮೊದಲಿನಿಂದಲೂ ನೆಲದ ಮೇಲೆಯೇ ಇದೆ ಎಂದು ನಕ್ಕನು.

ನಗಲಿಲ್ಲ ನಾನು. ನನಗೆ ನೆನಪಿಗೆ ಬಂದುದು ಬೇರೆ. 1988ರಲ್ಲಿ, ಹಳ್ಳಿಯೊಂದರ ಶಾಲೆಯಲ್ಲಿ, ಮೇಲಧಿಕಾರಿಗಳ ತನಿಖೆಗೆ ಮುನ್ನಾದಿನ ನನ್ನ ಹುಡುಗರಿಗೆ ಒಂದು ಕಟ್ಟಳೆ ಮಾಡಿದ್ದೆನು: ಪ್ರಶ್ನೆ ಕೇಳಿದೊಡನೆ ಎಲ್ಲರೂ ಕೈಯೆತ್ತತಕ್ಕದ್ದು, ಉತ್ತರ ಬಲ್ಲವರು ಬಲಗೈ, ಬಾರದವರು ಎಡಗೈ. ನಾನು ಬಲಗೈಯವರನ್ನೇ ಎಬ್ಬಿಸಿದೆನು. ತನಿಖೆಗೆ ಬಂದವರು ಸಂತೋಷಪಟ್ಟು ತರಗತಿಯ ಮಟ್ಟವು ಉತ್ತಮವೆಂದು ಪುಸ್ತಕದಲ್ಲಿ ಬರೆದುಹೋದರು. ನಾನಾಗಲಿ ಮಕ್ಕಳಾಗಲಿ ಒಂದು ಸುಳ್ಳನ್ನೂ ಆಡಿರಲಿಲ್ಲ. ಎಡಗೈಯೆತ್ತಿದವರಲ್ಲಿ ಒಬ್ಬ ಹುಡುಗನಿಗೆ ನಾಲ್ಕನೆಯ ತರಗತಿಯಲ್ಲಿಯೂ ಅಕ್ಷರಗಳನ್ನು ಕೂಡಿಸಿ ಓದಲು ಬರುತ್ತಿರಲಿಲ್ಲ. ಅಂದು ಅದು ಹೊರಬಿದ್ದಿದ್ದರೆ ನನಗೆ ನಾಲ್ಕು ಮಾತು ಬೀಳುತ್ತಿದ್ದಿತು. ಆ ಹುಡುಗನ ಕಡೆಗೆ ಯಾರಾದರೂ ತಿರುಗಿ ನೋಡುತ್ತಿದ್ದರು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಇಷ್ಟನ್ನೂ ಮಗನಿಗೆ ಹೇಳಿದೆನು. ಅವನ ತಾಯಿಗೂ ನಾನು ಇದನ್ನು ಹೇಳಿದ್ದವನಲ್ಲ.

ಮಗನು ಆಮೇಲೆ ವಾದವನ್ನು ಮುಂದುವರಿಸಲಿಲ್ಲ. ಕೈಪಂಪೊಂದನ್ನು ತಂದು ಕೊಳವೆಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸತೊಡಗಿದನು. ಬೀಗದ ಕೈ ತಿರುಗಿಸಿದ ಮೇಲೂ ಯಂತ್ರವು ಕೆಲವು ಕ್ಷಣ ಓಡುತ್ತಲೇ ಇರುತ್ತಿತ್ತು. ಅದನ್ನು ನಾವಿಬ್ಬರೂ ವೃದ್ಧಯಂತ್ರದ ಹಟವೆಂದು ಭಾವಿಸಿದ್ದೆವು, ಅದೂ ಇದೇ ಸೋರಿಕೆಯ ಕುರುಹಾಗಿತ್ತು. ಎರಡು ಭಾನುವಾರಗಳು ಹಿಡಿದುವು. ಹಿಂದಿನ ಬಾಗಿಲೊಂದರ ಬೀಗದ ಒಳಪೊರೆ ಹರಿದಿತ್ತು. ಯಂತ್ರದ ಪಕ್ಕದಲ್ಲಿ ರಬ್ಬರಿನ ಸಂದೊಂದು ಒಣಗಿ ಬಿರಿದಿತ್ತು. ಅವನ್ನು ಬದಲಿಸಿದೊಡನೆ ಯಂತ್ರವು ಕೈ ತಿರುಗಿಸಿದ ಕ್ಷಣದಲ್ಲಿಯೇ ನಿಂತಿತು. ಧಕ್ಕೆಯೂ ಬಹುಮಟ್ಟಿಗೆ ಅಡಗಿತು. ಆ ಮೇಲೆ ಅದೇ ಕೀಲಿಯನ್ನು ಅವನು ಅರ್ಧ ಸುತ್ತು ತಿರುಗಿಸಿದನು. ಏರಿನಲ್ಲಿ ಓಡಿಸಿ, ಎಲ್ಲಿಯೂ ಜಾರುವುದಿಲ್ಲವೆಂದು ನೋಡಿಕೊಂಡನು. ನಾನು ಬೇಡವೆನ್ನಲಿಲ್ಲ. ಅದೇ ಕೀಲಿ, ಅದೇ ಕೈ; ಮೊದಲು ತಿರುಗಿಸಿದ್ದರೆ ಅನೃತವಾಗುತ್ತಿದ್ದುದು ಈಗ ಚಿಕಿತ್ಸೆಯಾಗಿತ್ತು. ಉದ್ದೇಶವು ಬದಲಾದುದರಿಂದ ಎಂದು ಹಲವರು ಹೇಳಿಯಾರು. ನಾನು ಹಾಗೆನ್ನಲಾರೆ, ಎರಡು ಸಲವೂ ಗಾಡಿಯನ್ನು ಮಾರುವುದೇ ಅವನ ಉದ್ದೇಶವಾಗಿತ್ತು. ಬದಲಾದದ್ದು ಅನುಕ್ರಮ: ರೋಗವನ್ನು ಕಂಡ ಮೇಲೆ ನೋವನ್ನು ಶಮನಗೊಳಿಸುವುದು ಒಂದು, ರೋಗವು ಕಾಣದಿರಲೆಂದು ಶಮನಗೊಳಿಸುವುದು ಮತ್ತೊಂದು.

ಮಾಡಿದ ಕೆಲಸವನ್ನೆಲ್ಲ, ಕೀಲಿಯ ಅರ್ಧ ಸುತ್ತನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ಮಗನು ಗಾಡಿಯಲ್ಲಿಟ್ಟನು. ಮೊದಲು ಬಂದವನು ಅದನ್ನು ಓದಿ, ಇಷ್ಟು ರಿಪೇರಿಯಾದ ಗಾಡಿ ತನಗೆ ಬೇಡವೆಂದು ಹೊರಟುಹೋದನು. ಎರಡನೆಯವನು ಬೆಲೆಯಲ್ಲಿ ಮೂರರಲ್ಲೊಂದು ಪಾಲನ್ನು ಇಳಿಸಬೇಕೆಂದನು. ನಾನು ಊರಿಗೆ ಮರಳುವವರೆಗೂ ಗಾಡಿ ಹೋಗಿರಲಿಲ್ಲ. ಮಗು ಹುಟ್ಟಿದ ಮೇಲೆ ಅದನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಆ ಗಾಡಿಯಲ್ಲಿಯೇ ಎಂದು ಮಗನು ಬರೆದನು. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಈಗಲೂ ಕೊಂಚ ತಟ್ಟುತ್ತದಂತೆ, ಮಗು ಎಚ್ಚರಗೊಳ್ಳಲಿಲ್ಲವಂತೆ.