ಪ್ರಾಮಾಣ್ಯವೂ ಮರುಪರೀಕ್ಷೆಯೂ

ನಿನ್ನೆ ಪರೀಕ್ಷಿಸಿ ಸರಿಯೆಂದು ನಿರ್ಣಯಿಸಿದ ಜ್ಞಾನವನ್ನು ಇಂದೂ ಸರಿಯೆಂದು ನಂಬುವುದಕ್ಕೆ ನಮಗಿರುವ ಅಧಿಕಾರವೇನು? ಈ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಪ್ರಾಮಾಣ್ಯವಾದವೆಂಬ ಹೆಸರಿನಲ್ಲಿ ಶತಮಾನಗಳ ಕಾಲ ಚರ್ಚಿಸಿದರು. ಜ್ಞಾನವು ಹುಟ್ಟುವಾಗಲೇ ತನ್ನ ಪ್ರಾಮಾಣ್ಯವನ್ನು ಹೊತ್ತುಕೊಂಡು ಬರುತ್ತದೆ, ಅದನ್ನು ಅಲ್ಲಗಳೆಯುವ ಬಾಧಕವೊಂದು ತಲೆದೋರುವವರೆಗೆ ಅದನ್ನು ನಂಬತಕ್ಕದ್ದೇ ಸರಿ, ಎಂದು ಕುಮಾರಿಲಭಟ್ಟನ ಮಾರ್ಗದ ಮೀಮಾಂಸಕರು ಸ್ವತಃಪ್ರಾಮಾಣ್ಯವನ್ನು ಸಾಧಿಸಿದರು. ಹಾಗಲ್ಲ, ಜ್ಞಾನದ ಯಥಾರ್ಥತೆಯು ಹೊರಗಿನಿಂದಲೇ, ಎಂದರೆ ಅದನ್ನು ನೆಚ್ಚಿ ತೊಡಗಿದ ಪ್ರವೃತ್ತಿಯು ಫಲಿಸಿತೋ ಇಲ್ಲವೋ ಎಂಬುದರಿಂದಲೇ ನಿಶ್ಚಯವಾಗಬೇಕು, ದೂರದಲ್ಲಿ ಕಂಡದ್ದು ನೀರೆಂಬ ಮಾತು ನೀರಡಿಕೆ ತೀರಿದ ಮೇಲೆಯೇ ಸ್ಥಿರವಾಗತಕ್ಕದ್ದು, ಎಂದು ನೈಯಾಯಿಕರು ಪರತಃಪ್ರಾಮಾಣ್ಯವನ್ನು ಪ್ರತಿಪಾದಿಸಿದರು.

ಈ ವಿವಾದವು ಪಾಠಶಾಲೆಗಳ ಜಗಲಿಯ ಮೇಲೆಯೇ ಮುಗಿದುಹೋಯಿತೆಂದು ಭಾವಿಸುವವರು ಇಂದಿನ ಮಲೆನಾಡಿನ ಮನೆಗಳ ಉಪ್ಪರಿಗೆಯನ್ನೊಮ್ಮೆ ಹತ್ತಿ ನೋಡಬೇಕು. ಅರಳಸುರಳಿಯಂಥ ಊರಿನಲ್ಲಿ, ಅಡಕೆ ತೋಟದ ಅಂಚಿನಲ್ಲಿ ಕುಳಿತು, ಆಷಾಢದ ಮಳೆಯಲ್ಲಿ ಕರೆಂಟು ಹೋಗಿ ಬರುವುದರ ನಡುವೆ, ದೂರದೇಶದ ಗಣಕಗಳ ರಕ್ಷಣೆಗಾಗಿ ತಂತ್ರಾಂಶವನ್ನು ಬರೆಯುವ ತರುಣತರುಣಿಯರು ಈಗ ಅಪರೂಪವಲ್ಲ. ಅವರ ಕೆಲಸದಲ್ಲಿ, ಅವರು ಅರಿತಿರಲಿ ಅರಿಯದಿರಲಿ, ಆ ಹಳೆಯ ಪ್ರಶ್ನೆ ದಿನವೂ ಎದುರಾಗುತ್ತಿರುತ್ತದೆ.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ಲಿನಕ್ಸ್ ಎಂಬ ಗಣಕವ್ಯವಸ್ಥೆಯ ತಿರುಳಾದ ಕರ್ನೆಲಿಗೆ 2010ರಲ್ಲಿ, ಅದರ 2.6.36ನೆಯ ಆವೃತ್ತಿಯೊಡನೆ, ಆಪ್‌ಆರ್ಮರ್ ಎಂಬ ರಕ್ಷಣಾಂಗವೊಂದು ಸೇರಿತು. ಯಾವ ಪ್ರೋಗ್ರಾಮು ಯಾವ ಫೈಲನ್ನು ಓದಬಹುದು, ಯಾವುದರಲ್ಲಿ ಬರೆಯಬಹುದು, ಯಾವುದನ್ನು ಮುಟ್ಟಲೇಕೂಡದು ಎಂಬ ವಿಧಿನಿಷೇಧಗಳನ್ನು ಮನುಷ್ಯನು ಓದಬಲ್ಲ ಸಾಲುಗಳಲ್ಲಿ ಬರೆದಿಟ್ಟರೆ, ಪಾರ್ಸರ್ ಎಂಬ ವ್ಯಾಖ್ಯಾನಕಾರನು ಅವುಗಳ ಅರ್ಥವನ್ನು ನಿರ್ಣಯಿಸಿ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸುತ್ತಾನೆ. ತಿರುಳು ಆ ವ್ಯಾಖ್ಯಾನವನ್ನು ಪ್ರಶ್ನಿಸುವುದಿಲ್ಲ. ಪಾರ್ಸರ್ ತಪ್ಪಾಗಿ ಓದಿದರೆ ಆ ತಪ್ಪನ್ನೇ ಪರಮನಿಷ್ಠೆಯಿಂದ ಪಾಲಿಸುತ್ತದೆ. ಆದಕಾರಣ ಆ ಪಾರ್ಸರ್‌ನೊಡನೆ ನೂರಾರು ಸಣ್ಣ ಸಣ್ಣ ಪರೀಕ್ಷಾಫೈಲುಗಳ ಒಂದು ಭಂಡಾರವೇ ಇದೆ. ಒಂದೊಂದರ ತಲೆಯಲ್ಲಿಯೂ ಇದು ಏನನ್ನು ಪರೀಕ್ಷಿಸುತ್ತದೆಂಬ ವಿವರಣೆ, ಪಾಸ್ ಆಗಬೇಕೋ ಫೇಲ್ ಆಗಬೇಕೋ ಎಂಬ ನಿರೀಕ್ಷಿತ ಫಲ, ಅದರ ಕೆಳಗೆ ನಾಲ್ಕಾರು ಸಾಲಿನ ನಿಯಮಗಳು. ಪಾರ್ಸರ್‌ನಲ್ಲಿ ಎಷ್ಟು ಅಲ್ಪವಾದ ಬದಲಾವಣೆ ಮಾಡಿದರೂ ಇವೆಲ್ಲವನ್ನೂ ಮೊದಲಿನಿಂದ ಮತ್ತೆ ಓಡಿಸಿ, ನಿನ್ನೆ ಸರಿಯಾಗಿ ಓದಿದ್ದನ್ನು ಇಂದೂ ಸರಿಯಾಗಿ ಓದಿತೇ ಎಂದು ನೋಡಬೇಕು. ರಿಗ್ರೆಶನ್ ಟೆಸ್ಟ್ ಎಂದು ಆ ವೃತ್ತಿಯವರು ಕರೆಯುವುದು ಇದನ್ನೇ.

ಮೀಮಾಂಸಾಶಾಸ್ತ್ರವನ್ನು ಬಲ್ಲವರಿಗೆ ಈ ವಿನ್ಯಾಸ ಅಪರಿಚಿತವಾಗಿ ತೋರಲಾರದು. ಹನ್ನೆರಡು ಅಧ್ಯಾಯಗಳ ಜೈಮಿನಿಸೂತ್ರವು ಸುಮಾರು ಸಾವಿರ ಅಧಿಕರಣಗಳಲ್ಲಿ ಮಾಡಿದ್ದು, ಸಂದಿಗ್ಧವಾದ ವಿಧಿವಾಕ್ಯವೊಂದನ್ನು ಎತ್ತಿಕೊಂಡು ಅದನ್ನು ಹೀಗೆಯೇ ಓದಬೇಕೆಂದು ನಿಲ್ಲಿಸುವ ಕೆಲಸವನ್ನೇ. ಸಂಪ್ರದಾಯವು ಶೃಂಗೇರಿಯ ವಿದ್ಯಾರಣ್ಯರೆಂದು ಆದರಿಸುವ ಮಾಧವಾಚಾರ್ಯರು ಹದಿನಾಲ್ಕನೆಯ ಶತಮಾನದಲ್ಲಿ ಆ ಅಧಿಕರಣಗಳನ್ನೆಲ್ಲ 'ಜೈಮಿನೀಯನ್ಯಾಯಮಾಲೆ'ಯಲ್ಲಿ ಅಡಕವಾಗಿ ಸಂಗ್ರಹಿಸಿದರು. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಅಂಗಗಳನ್ನುಳ್ಳ ಒಂದು ಅಧಿಕರಣವನ್ನೂ ಮೇಲೆ ಹೇಳಿದ ಪರೀಕ್ಷಾಫೈಲನ್ನೂ ಪಕ್ಕಪಕ್ಕದಲ್ಲಿಟ್ಟರೆ, ಎರಡೂ ಮಾಡುತ್ತಿರುವ ಕಾರ್ಯ ಒಂದೇ ಎಂಬುದು ಸ್ಪಷ್ಟವಾಗುತ್ತದೆ: ಒಮ್ಮೆ ಬಗೆಹರಿದ ಸಂಶಯವು ಮುಂದಿನ ವ್ಯಾಖ್ಯಾನಕಾರನ ಅಜಾಗ್ರತೆಯಿಂದ ಮರಳಿ ಹುಟ್ಟದಂತೆ ಕಾಯುವುದು.

ಉದಾಹರಣೆಗೆ, ಸೋಮಯಾಗದಲ್ಲಿ ಗ್ರಹವೆಂಬ ಪಾತ್ರೆಯನ್ನು ಒರೆಸಬೇಕೆಂಬ ವಿಧಿ ಏಕವಚನದಲ್ಲಿದೆ. ಹಾಗಾದರೆ ಒಂದೇ ಪಾತ್ರೆಯನ್ನು ಒರೆಸಿದರೆ ಸಾಕೇ, ಎಲ್ಲವನ್ನೂ ಒರೆಸಬೇಕೇ? ಎಲ್ಲವನ್ನೂ ಎಂಬುದು ಸಿದ್ಧಾಂತ. ಅಲ್ಲಿ ಪಾತ್ರೆಯು ಸಂಸ್ಕಾರಕ್ಕೆ ಉದ್ದೇಶ್ಯವಾದದ್ದರಿಂದ ಅದರ ಏಕತ್ವ ವಿವಕ್ಷಿತವಲ್ಲ, ಎಂದರೆ ಒಂದೇ ಎಂಬುದು ವಾಕ್ಯದ ತಾತ್ಪರ್ಯವಲ್ಲ. ಆದರೆ ಯಾಗಕ್ಕೆ ಪಶುವನ್ನು ವಿಧಿಸುವ ವಾಕ್ಯದಲ್ಲಿ ಅದೇ ಏಕವಚನವು ವಿವಕ್ಷಿತ. ಅಲ್ಲಿ ಪಶು ಒಂದೇ. ಪಾರ್ಸರ್‌ಗೂ ಇದೇ ಬಗೆಯ ವಿವೇಕ ಬೇಕು. ಫೈಲಿನ ದಾರಿಯಲ್ಲಿ ಒಂದು ನಕ್ಷತ್ರಚಿಹ್ನೆ ಬಂದರೆ ಆ ಒಂದು ಫೋಲ್ಡರಿನ ಮಟ್ಟಕ್ಕೆ ಮಾತ್ರ ಅನುಮತಿ. ಎರಡು ಬಂದರೆ ಅದರೊಳಗಿನ ಎಲ್ಲ ಆಳಗಳಿಗೂ ಅನುಮತಿ. ಒಂದನ್ನು ಎರಡೆಂದು ಓದಿದ ಪಾರ್ಸರ್ ಯಾವ ಗದ್ದಲವನ್ನೂ ಮಾಡುವುದಿಲ್ಲ. ಎಲ್ಲ ಪ್ರೋಗ್ರಾಮುಗಳೂ ಸುಗಮವಾಗಿ ನಡೆಯುತ್ತಲೇ ಇರುತ್ತವೆ. ಗುಟ್ಟಾಗಿರಬೇಕಾದ ಫೈಲುಗಳು ಮಾತ್ರ ಯಾರೂ ಅರಿಯದಂತೆ ತೆರೆದುಬಿದ್ದಿರುತ್ತವೆ.

ಪ್ರವೃತ್ತಿಯ ಸಾಫಲ್ಯವನ್ನೇ ಪ್ರಮಾಣವೆನ್ನುವವರು ಇಲ್ಲಿ ಎಚ್ಚರಗೊಳ್ಳಬೇಕು. ತೋಟದ ಬೇಲಿಗೆ ಹೊಸ ತಡಬೆ ಹಾಕಿಸಿದವನು ತಾನು ಅದನ್ನು ದಾಟಿ ನೋಡಿ ಸರಿಯಾಗಿದೆಯೆಂದು ಹೊರಟುಹೋದರೆ ಅರ್ಧ ಪರೀಕ್ಷೆಯನ್ನೂ ಮಾಡಿದಂತಾಗಲಿಲ್ಲ. ದನಕರುಗಳನ್ನು ಅದು ತಡೆಯಿತೇ ಎಂಬುದೇ ಅಲ್ಲಿಯ ನಿಜವಾದ ಪ್ರಶ್ನೆ. ಕಾವಲಿಗೆಂದು ನಿಂತ ತಂತ್ರಾಂಶಕ್ಕೂ ಇದು ಸಲ್ಲುವ ಮಾತು. ಪಾಸ್ ಆಗಬೇಕೆಂದು ಬರೆದ ಪರೀಕ್ಷೆಗಳು ಅದರ ಸೌಜನ್ಯವನ್ನು ತೋರಿಸುತ್ತವೆ. ಅದರ ಶೀಲವನ್ನು ತೋರಿಸುವಂಥವು ಫೇಲ್ ಆಗಲೇಬೇಕೆಂದು ಬರೆದ ಪರೀಕ್ಷೆಗಳು.

ಆದರೂ ನಿರೀಕ್ಷಿತ ಫಲ ದೊರೆತ ಮಾತ್ರಕ್ಕೆ ಜ್ಞಾನ ಯಥಾರ್ಥವಾಯಿತೆನ್ನಲಾಗದು. ಆಪ್‌ಆರ್ಮರ್‌ನ ಪ್ರತಿಯೊಂದು ನಿಯಮವೂ ಅಲ್ಪವಿರಾಮದಿಂದ ಮುಗಿಯಬೇಕು. ಅಕ್ರಮವಾದ ಅನುಮತಿಯೊಂದನ್ನು ಪಾರ್ಸರ್ ತಿರಸ್ಕರಿಸುತ್ತದೆಯೇ ಎಂದು ನೋಡಲು ಬರೆದ ಫೈಲಿನಲ್ಲಿ ಬರೆದವನು ಆ ಅಲ್ಪವಿರಾಮವನ್ನೇ ಮರೆತಿದ್ದರೆ, ಪಾರ್ಸರ್ ಅದನ್ನು ತಿರಸ್ಕರಿಸುವುದು ನಿಜ. ಆದರೆ ಬೇರೆಯ ಕಾರಣಕ್ಕೆ. ಬೇಕಾದ ಉತ್ತರ ಬಂದದ್ದರಿಂದ ಯಾರೂ ಒಳಗೆ ಇಣುಕಿ ನೋಡುವುದಿಲ್ಲ. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಟ್ಟದಲ್ಲಿ ಬೆಂಕಿಯಿದೆಯೆಂದು ಊಹಿಸಿದವನಿಗೆ ಅಲ್ಲಿ ಅಕಸ್ಮಾತ್ತಾಗಿ ಬೆಂಕಿ ಇದ್ದುಬಿಟ್ಟರೆ ಅವನದು ಜ್ಞಾನವೇ, ಎಂದು ನಮ್ಮ ತಾರ್ಕಿಕರು ಕೇಳಿದ್ದು ಇಂಥ ಸಂದರ್ಭವನ್ನೇ. ಆಗುಂಬೆಯ ಮಂಜನ್ನು ಕಂಡವರಿಗೆ ಆ ಉದಾಹರಣೆಯ ಬಲವನ್ನು ವಿವರಿಸಬೇಕಾದದ್ದಿಲ್ಲ. ಫಲದೊಡನೆ ಹೇತುವನ್ನೂ, ಎಂದರೆ ಯಾವ ದೋಷಕ್ಕಾಗಿ ತಿರಸ್ಕಾರವಾಯಿತೆಂಬುದನ್ನೂ ಪರೀಕ್ಷಿಸದ ಪರೀಕ್ಷೆಯು ಹೇತ್ವಾಭಾಸದ ಮೇಲೆ ಕಟ್ಟಿದ ಅನುಮಾನದಂತೆ.

ವಿಧಿಯೂ ನಿಷೇಧವೂ ಒಂದೇ ವಿಷಯದಲ್ಲಿ ಸೇರಿದಾಗ ಏನು ಗತಿ? ಅತಿರಾತ್ರವೆಂಬ ಸೋಮಯಾಗದಲ್ಲಿ ಷೋಡಶೀ ಎಂಬ ಪಾತ್ರೆಯನ್ನು ತೆಗೆದುಕೊಳ್ಳಬೇಕೆಂಬ ಮಾತೂ ಇದೆ, ಕೂಡದೆಂಬ ಮಾತೂ ಇದೆ. ಎರಡಕ್ಕೂ ಸಮಾನ ಬಲವಿರುವುದರಿಂದ ಮೀಮಾಂಸಕರು ಅಲ್ಲಿ ವಿಕಲ್ಪವನ್ನು, ಎಂದರೆ ಎರಡರಲ್ಲೊಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು, ಒಪ್ಪಿದರು. ಆದರೆ ವಿಕಲ್ಪಕ್ಕೆ ಎಂಟು ದೋಷಗಳುಂಟೆಂದು ಎಣಿಸಿ, ಬೇರೆ ದಾರಿಯಿಲ್ಲದಾಗ ಮಾತ್ರ ಅದಕ್ಕೆ ಎಡೆಗೊಟ್ಟರು. ಆಪ್‌ಆರ್ಮರ್‌ನಲ್ಲಿ ವಿಕಲ್ಪಕ್ಕೆ ಎಡೆಯೇ ಇಲ್ಲ. ಅನುಮತಿ ಮತ್ತು ನಿಷೇಧಗಳನ್ನು ಯಾವ ಕ್ರಮದಲ್ಲಿ ಬರೆದಿದ್ದರೂ ಅಲ್ಲಿ ಸಾಮಾನ್ಯವಾಗಿ ನಿಷೇಧವೇ ಬಲವತ್ತರ. ಇಚ್ಛೆಯೂ ವಿವೇಕವೂ ಉಳ್ಳ ಯಜಮಾನನಿಗೆ ಕೊಡಬಹುದಾದ ಆಯ್ಕೆಯನ್ನು ಅವೆರಡೂ ಇಲ್ಲದ ಯಂತ್ರಕ್ಕೆ ಕೊಡಲಾಗದೆಂಬುದೇ ಈ ಭೇದಕ್ಕೆ ಕಾರಣವೆಂದು ನನಗೆ ತೋರುತ್ತದೆ.

ಇನ್ನು ಮೂಲಪ್ರಶ್ನೆ. ಎಲ್ಲ ಪರೀಕ್ಷೆಗಳೂ ನಿರೀಕ್ಷಿಸಿದಂತೆಯೇ ಮುಗಿದರೆ ಪಾರ್ಸರ್ ನಿರ್ದುಷ್ಟವೆಂದು ಸಿದ್ಧವಾಯಿತೇ? ಇಲ್ಲ, ಪರೀಕ್ಷೆಗಳೂ ಮನುಷ್ಯಕೃತವೇ. ಅವನ್ನು ಪರೀಕ್ಷಿಸಲು ಬೇರೆ ಪರೀಕ್ಷೆಗಳು, ಅವಕ್ಕೂ ಮತ್ತೊಂದಿಷ್ಟು, ಎಂದು ಹೊರಟರೆ ಪರತಃಪ್ರಾಮಾಣ್ಯದ ಮೇಲೆ ಮೀಮಾಂಸಕರು ಹೊರಿಸಿದ ಅನವಸ್ಥಾದೋಷಕ್ಕೇ ಬಂದು ನಿಲ್ಲುತ್ತೇವೆ. ಆದುದರಿಂದ ಎಲ್ಲಿಯೋ ಒಂದೆಡೆ ನಂಬಿಕೆಯಿಟ್ಟು ನಿಲ್ಲುವುದು ಅನಿವಾರ್ಯ. ಆದರೆ ಮೀಮಾಂಸಕರ ನಂಬಿಕೆ ಆಲಸ್ಯದ ನಂಬಿಕೆಯಲ್ಲ. ಜ್ಞಾನವು ಎರಡು ರೀತಿಗಳಲ್ಲಿ ಬಿದ್ದುಹೋಗಬಹುದೆಂದು ಅವರೇ ಹೇಳಿದರು: ಅದಕ್ಕೆ ವಿರುದ್ಧವಾದ ಬಾಧಕಜ್ಞಾನ ಹುಟ್ಟಿದಾಗ, ಅಥವಾ ಅದರ ಕಾರಣದಲ್ಲಿ ದೋಷವಿತ್ತೆಂದು ತಿಳಿದಾಗ. ಪರೀಕ್ಷಾಭಂಡಾರವನ್ನು ಓಡಿಸುವುದೆಂದರೆ ಈವರೆಗೆ ಗೊತ್ತಿರುವ ಬಾಧಕಗಳಲ್ಲಿ ಯಾವುದೂ ಮತ್ತೆ ತಲೆಯೆತ್ತಿಲ್ಲವೆಂದು ತಿಳಿಯುವುದು. ಅದನ್ನು ವಿಸ್ತರಿಸುವುದೆಂದರೆ ಇನ್ನೂ ಗೊತ್ತಿಲ್ಲದ ಬಾಧಕವನ್ನು ತಾನಾಗಿ ಅರಸಿಕೊಂಡು ಹೋಗುವುದು. ಓಡಿಸುವವನಿಗೆ ಶ್ರದ್ಧೆ ಸಾಕು. ವಿಸ್ತರಿಸುವವನಿಗೆ ತನ್ನ ಕೃತಿಯ ವಿರುದ್ಧ ತಾನೇ ಪೂರ್ವಪಕ್ಷವನ್ನು ಹೂಡಬಲ್ಲ ಪ್ರಾಮಾಣಿಕತೆ ಬೇಕು.

ಈ ಪ್ರಾಮಾಣಿಕತೆಗೆ ಎದುರಾಗುವ ದೊಡ್ಡ ಪ್ರಲೋಭನೆಯೊಂದಿದೆ. ಪರೀಕ್ಷೆ ತಪ್ಪಿದಾಗ ಪಾರ್ಸರನ್ನು ತಿದ್ದುವ ಬದಲು ಫೈಲಿನ ತಲೆಯಲ್ಲಿರುವ ನಿರೀಕ್ಷಿತ ಫಲವನ್ನೇ ತಿದ್ದಿಬಿಡುವುದು ಬಹು ಸುಲಭ. ಒಂದು ಪದ ಬದಲಾದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಹಳೆಯ ನಿರ್ಣಯವೇ ತಪ್ಪಾಗಿದ್ದರೆ ಅದನ್ನು ಕಾರಣಸಹಿತವಾಗಿ ಬದಲಿಸುವುದು ಧರ್ಮ. ಕಾರಣ ಹೇಳದೆ ಬದಲಿಸುವುದು ಸಾಕ್ಷಿಯ ಬಾಯಿ ಕಟ್ಟಿದಂತೆ. ಆದಕಾರಣ ಈ ವೃತ್ತಿಯಲ್ಲಿರುವ ನಮ್ಮ ಸೀಮೆಯ ತರುಣರಿಗೆ ನನ್ನ ಬಿನ್ನಹ ಇಷ್ಟೆ: ಬಗ್ ಒಂದನ್ನು ತಿದ್ದಿದ ದಿನವೇ ಅದರ ಹೆಸರಿನಲ್ಲಿ ಒಂದು ಪರೀಕ್ಷೆಯನ್ನು ಬರೆದಿಡಿ, ತಿದ್ದುವ ಮೊದಲು ಆ ಪರೀಕ್ಷೆ ಬಗ್ಗನ್ನು ನಿಜಕ್ಕೂ ಹಿಡಿಯಿತೆಂಬುದನ್ನು ಕಣ್ಣಾರೆ ನೋಡಿಕೊಳ್ಳಿ, ಯಾವ ಕಾರಣಕ್ಕಾಗಿ ಹಿಡಿಯಿತೆಂಬುದನ್ನೂ ಅದರೊಳಗೆ ದಾಖಲಿಸಿ.