ತಪ್ಪು ಯಾರದು, ತಪ್ಪು ಎಲ್ಲಿ?

'ಪೇಟೆ ಸೇರಿ ಕೆಟ್ಟ' ಎಂದು ನಮ್ಮಂಥವರ ಬಗ್ಗೆ ಊರಿನವರು ಹೇಳುವುದುಂಟು. 'ನಾನು ಕೆಟ್ಟವನಲ್ಲ, ಪೇಟೆ ಹಾಗೆ ಮಾಡಿತು' ಎಂದು ನಾವು ಹೇಳುವುದೂ ಉಂಟು. ಕೇಡು ಇರುವುದು ಸ್ವಭಾವದಲ್ಲೋ ಸನ್ನಿವೇಶದಲ್ಲೋ? ಈ ಹಳೆಯ ಪ್ರಶ್ನೆ ಈಚೆಗೆ ಸಾಲ್ಮೊನೆಲ್ಲಾ ಬಗ್ಗೆ ಓದುವಾಗ ಮತ್ತೆ ಎದುರಾಯಿತು. ಅರೆಬೆಂದ ಮೊಟ್ಟೆ, ಕೋಳಿಮಾಂಸದ ಮೂಲಕ ಹೊಟ್ಟೆ ಸೇರಿ ವಾಂತಿ-ಭೇದಿ ತರುವ ಬ್ಯಾಕ್ಟೀರಿಯಾ ಅದು.

ಬಾಹ್ಯಾಕಾಶದ ತೂಕವಿಲ್ಲದ ಸ್ಥಿತಿಯನ್ನು ಭೂಮಿಯ ಮೇಲೇ ಅನುಕರಿಸಲು ಒಂದು ಉಪಾಯವಿದೆ. ಗಾಳಿಗುಳ್ಳೆ ಒಂದೂ ಉಳಿಯದಂತೆ ಪಾತ್ರೆಗೆ ಪೋಷಕ ದ್ರವ ತುಂಬಿ, ಅದನ್ನು ಅಡ್ಡಲಾಗಿಟ್ಟು ನಿಧಾನವಾಗಿ ತಿರುಗಿಸುತ್ತಾರೆ. ಗುರುತ್ವ ಎಲ್ಲಿಗೂ ಹೋಗಿರುವುದಿಲ್ಲ. ಬ್ಯಾಕ್ಟೀರಿಯಾ ಬೀಳುತ್ತಲೇ ಇರುತ್ತದೆ, ತಳ ಮಾತ್ರ ಸಿಗುವುದಿಲ್ಲ. ಹೀಗೆ ಬೆಳೆದ ಸಾಲ್ಮೊನೆಲ್ಲಾ ಇಲಿಗಳಿಗೆ ಹೆಚ್ಚು ಮಾರಕವಾಯಿತೆಂದು ಅಮೆರಿಕದ ಶೆರಿಲ್ ನಿಕರ್‌ಸನ್ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. 2006ರಲ್ಲಿ ಅಟ್ಲಾಂಟಿಸ್ ನೌಕೆಯಲ್ಲಿ ಬೆಳೆಸಿದಾಗಲೂ ಹಾಗೇ ಆಯಿತು. 167 ಜೀನ್‌ಗಳ ಚಟುವಟಿಕೆ ಏರುಪೇರಾಗಿತ್ತು. ತಳಿ ಮಾತ್ರ ಅದೇ. ಮೈಮೇಲೆ ದ್ರವ ಮೆಲ್ಲಗೆ ಸವರಿ ಹೋಗುವ ಆ ಸ್ಥಿತಿ ನಮ್ಮ ಕರುಳಿನ ಕೆಲವು ಭಾಗಗಳನ್ನು ಹೋಲುತ್ತದೆ ಎನ್ನುತ್ತಾರೆ ಸಂಶೋಧಕರು. 2008ರ ಯಾನದಲ್ಲಿ ಇನ್ನೊಂದು ಸೋಜಿಗ ಕಂಡಿತು. ದ್ರವದ ಲವಣಾಂಶವನ್ನು ಬದಲಿಸಿದಾಗ, ಅದೇ ತೂಕವಿಲ್ಲದ ಸ್ಥಿತಿಯಲ್ಲೂ ಆ ಉಗ್ರತೆ ಏರಲಿಲ್ಲ.

ಇಂಥ ಕೆಲಸ ನಾನಿರುವ ಚೆನ್ನೈಗೂ ದೂರದ್ದಲ್ಲ. ಐಐಟಿ ಮದ್ರಾಸ್ ಮತ್ತು ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಬಾಹ್ಯಾಕಾಶ ನಿಲ್ದಾಣದ ಸೂಕ್ಷ್ಮಜೀವಿಗಳ ಬಗ್ಗೆ 2022ರಲ್ಲಿ ಅಧ್ಯಯನ ಪ್ರಕಟಿಸಿದರು. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಕೆಲವು ನೆರೆಯವರಿಗೆ ಒತ್ತಾಸೆಯಾದರೆ, ಒಂದು ಬಗೆಯ ಬೂಷ್ಟಿಗೆ ಅಡ್ಡಗಾಲು ಹಾಕುತ್ತದೆ. ಒಂದು ಜೀವಿಯ ನಡತೆ ತಿಳಿಯಲು ಅದರ ನೆರೆಹೊರೆಯನ್ನೂ ನೋಡಬೇಕು.

ನನಗೆ ನೆನಪಾದದ್ದು ಇದೇ ಊರಲ್ಲಿ ನಾನಿದ್ದ ಒಂದು ಪಿಜಿಯ ಮೆಸ್. ಮೇ ತಿಂಗಳ ಸೆಖೆ. ರಾತ್ರಿ ಮಾಡಿದ ಕೋಳಿಸಾರು ಹೊರಗೇ ಇದ್ದು, ಮರುದಿನ ಮಧ್ಯಾಹ್ನ ತಟ್ಟೆಗೆ ಬಂತು. ಏಳೆಂಟು ಹುಡುಗರು ಮಲಗಿದರು. ಯಾವ ಬ್ಯಾಕ್ಟೀರಿಯಾ ಎಂದು ಯಾರೂ ಪರೀಕ್ಷಿಸಲಿಲ್ಲ. ಮಾಲೀಕರು ಅಡುಗೆ ಅಣ್ಣನನ್ನು ಅಂದೇ ಕಳಿಸಿದರು. ಹೊಸಬರು ಬಂದರು, ಅದೇ ಹಂಡೆ, ಅದೇ ಹೊತ್ತು, ಸಾರಿಡಲು ಸಾಲದ ಅದೇ ಚಿಕ್ಕ ಫ್ರಿಜ್. ಬೇಯಿಸಿದ ಊಟ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ಉಳಿದರೆ ಬ್ಯಾಕ್ಟೀರಿಯಾಕ್ಕೆ ಸುಗ್ಗಿ. ಅಣ್ಣ ಹೋದರೂ ಆ ಸುಗ್ಗಿ ಹೋಗಲಿಲ್ಲ.

ಹಾಗಾದರೆ ಎಲ್ಲವೂ ಸನ್ನಿವೇಶದ ತಪ್ಪೇ? ಒಪ್ಪಲಾರೆ. ಬ್ಯಾಕ್ಟೀರಿಯಾಕ್ಕೆ ಬೇರೆ ದಾರಿಯಿಲ್ಲ. ಮನುಷ್ಯನಿಗೆ 'ಇದನ್ನು ಬಡಿಸಲಾರೆ' ಎನ್ನುವ ಬಾಯಿದೆ. ಆದರೆ ಬಾಯಿ ತೆರೆದರೆ ಕೆಲಸ ಕಳೆದುಕೊಳ್ಳುವವನನ್ನೂ ಫ್ರಿಜ್ ಕೊಳ್ಳಬಲ್ಲವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸನ್ನಿವೇಶವನ್ನು ಬದಲಿಸುವ ಶಕ್ತಿ ಯಾರಿಗೆ ಹೆಚ್ಚೋ ಹೊಣೆಯೂ ಅವರಿಗೇ ಹೆಚ್ಚು.

ಆಹಾರ ಸುರಕ್ಷತೆಯ ಲೋಕ ಈ ಪಾಠವನ್ನು ಕಲಿತದ್ದೂ ಬಾಹ್ಯಾಕಾಶದಿಂದಲೇ. 1960ರ ದಶಕದಲ್ಲಿ ಗಗನಯಾತ್ರಿಗಳಿಗೆ ಊಟ ಸಿದ್ಧಪಡಿಸುವಾಗ ನಾಸಾಕ್ಕೂ ಪಿಲ್ಸ್‌ಬರಿ ಕಂಪನಿಗೂ ಒಂದು ತೊಡಕು ಎದುರಾಯಿತು: ತಯಾರಾದ ಊಟವನ್ನೇ ಪರೀಕ್ಷಿಸುತ್ತ ಹೋದರೆ ಉಣ್ಣಲು ಉಳಿಯುವುದು ಕೊಂಚವೇ. ಆದ್ದರಿಂದ ಎಲ್ಲೆಲ್ಲಿ ಕೆಡಬಹುದೆಂದು ಮೊದಲೇ ಗುರುತಿಸಿ ಅಲ್ಲಲ್ಲೇ ತಡೆಯುವ ಎಚ್‌ಎಸಿಸಿಪಿ ವಿಧಾನ ಹುಟ್ಟಿತು. ಅದು 'ಯಾರು?' ಎನ್ನುವ ಮೊದಲು 'ಎಲ್ಲಿ?' ಎಂದು ಕೇಳುತ್ತದೆ. ಆಮೇಲೆ ಆ ಒಂದೊಂದು ಜಾಗಕ್ಕೂ ಲೆಕ್ಕ ಬರೆದಿಡುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸುತ್ತದೆ.

ಆ ಕ್ರಮವೇ ನನಗೆ ನ್ಯಾಯವೆನಿಸುತ್ತದೆ. ಆ ಮೆಸ್ಸಿಗೆ ಮೊದಲು ಬೇಕಿದ್ದದ್ದು ದೊಡ್ಡದೊಂದು ಫ್ರಿಜ್. ಅದು ಬಂದ ಮೇಲೂ ಸಾರು ಹೊರಗೇ ಉಳಿದಿದ್ದರೆ, ಆಗ ಅಣ್ಣನನ್ನು ಕೇಳಬಹುದಿತ್ತು.