ವಿದ್ಯಾರ್ಜನೆಯೂ ಋಣವೂ

ಜೂಜಿಗಾಗಿ ಸಾಲಮಾಡಿದವನನ್ನು ಲೋಕವು ನಿಂದಿಸುತ್ತದೆ; ಮಗಳ ಮದುವೆಗಾಗಿ ಸಾಲಮಾಡಿದವನನ್ನು ಕಂಡು ಮರುಗುತ್ತದೆ; ವಿದ್ಯೆಗಾಗಿ ಸಾಲಮಾಡಿದವನನ್ನು ಮಾತ್ರ ಹೊಗಳುತ್ತದೆ. ವಿದ್ಯೆಯು ಕಳ್ಳರ ಕೈಗೆ ಸಿಕ್ಕದ ಧನವೆಂಬುದು ಎಲ್ಲರೂ ಒಪ್ಪಿದ ಮಾತಾದುದರಿಂದ, ಅದಕ್ಕೆ ತೆತ್ತ ಬೆಲೆ ಹೆಚ್ಚಾಯಿತೆಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಆ ಧನವನ್ನು ಗಳಿಸುವ ಯತ್ನದಲ್ಲಿಯೂ ಜೂಜಿನ ಅಂಶವು ಎಷ್ಟೋ ಸೇರಿರುತ್ತದೆ. ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಏರ್ಪಾಡು ಅಮೆರಿಕ ಸಂಯುಕ್ತ ಸಂಸ್ಥಾನಗಳ ನ್ಯಾಯವಿದ್ಯಾಭ್ಯಾಸ. ಅಲ್ಲಿ ನೆಲಸಿರುವ ಕನ್ನಡ ಮನೆತನಗಳ ಮಕ್ಕಳೂ ಆ ದಾರಿಯನ್ನು ಹಿಡಿಯುವುದುಂಟಾದ ಕಾರಣ, ಈ ಪ್ರಶ್ನೆಯು ಇಲ್ಲಿಯ ಮನೆಗಳಿಗೆ ತೀರ ಪರಕೀಯವಾದುದೇನೂ ಅಲ್ಲ.

ಅಲ್ಲಿ ನ್ಯಾಯಶಾಸ್ತ್ರವು ಮೊದಲ ಪದವಿಯಲ್ಲ. ನಾಲ್ಕು ವರ್ಷ ಓದಿ ಒಂದು ಪದವಿಯನ್ನು ಪಡೆದ ಮೇಲೆ ಮತ್ತೆ ಮೂರು ವರ್ಷಗಳನ್ನು ಲಾ ಸ್ಕೂಲಿನಲ್ಲಿ ಕಳೆಯಬೇಕು. ಪ್ರವೇಶವನ್ನು ನಿರ್ಣಯಿಸುವ ಸಂಗತಿಗಳು ಹಲವಿದ್ದರೂ ಮುಖ್ಯವಾದವು ಎರಡು: ಹಿಂದಿನ ಪದವಿಯಲ್ಲಿ ಪಡೆದ ಅಂಕ, 1948ರಲ್ಲಿ ಮೊದಲು ನಡೆದ ಎಲ್‌ಸ್ಯಾಟ್ ಎಂಬ ಪರೀಕ್ಷೆಯ ಅಂಕ. ಇದರ ಅಳತೆ 120ರಿಂದ 180ರ ವರೆಗೆ. ಈ ಪರೀಕ್ಷೆಯು ಕಾನೂನಿನ ಜ್ಞಾನವನ್ನು ಕೇಳುವುದಿಲ್ಲ. ಓದಿದುದರ ಅರ್ಥವನ್ನು ಹಿಡಿಯುವ, ವಾದದ ಗಂಟುಗಳನ್ನು ಬಿಡಿಸಿ ನೋಡುವ ಶಕ್ತಿಯನ್ನು ಅಳೆಯುವುದೆಂದು ಹೇಳಿಕೊಳ್ಳುತ್ತದೆ. (ದಶಕಗಳ ಕಾಲ ಇದರಲ್ಲಿದ್ದ ತರ್ಕದ ಒಗಟುಗಳ ಭಾಗವನ್ನು 2024ರ ಆಗಸ್ಟಿನಿಂದ ತೆಗೆದುಹಾಕಿದರು. ಅದಕ್ಕೆ ಮೊದಲು ಆ ಒಗಟುಗಳಿಗೆ ಸೋತು ವಕೀಲಿಯ ಆಸೆಯನ್ನೇ ಬಿಟ್ಟವರು ಈಗ ಏನೆಂದುಕೊಳ್ಳಬೇಕೊ!)

ಇಪ್ಪತ್ತೆರಡು ವರ್ಷದ ಒಬ್ಬ ತರುಣಿಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅಲ್ಲಿಯ ನ್ಯಾಯವಿದ್ಯಾರ್ಥಿಗಳಲ್ಲಿ 2016ರಿಂದೀಚೆಗೆ ಸ್ತ್ರೀಯರೇ ಹೆಚ್ಚು ಮಂದಿ. ಬಡವರ ಪರವಾಗಿ ನ್ಯಾಯಸ್ಥಾನದಲ್ಲಿ ನಿಲ್ಲಬೇಕೆಂಬುದು ಇವಳ ಹಂಬಲ. ಪರೀಕ್ಷೆಯಲ್ಲಿ 158 ಅಂಕ ಬಂದಿದೆ. ಕೀರ್ತಿವಂತವಾದ ಒಂದು ಶಾಲೆಯು ಅವಳನ್ನು ಸೇರಿಸಿಕೊಳ್ಳಲು ಸಿದ್ಧವಾಗಿದೆ, ಆದರೆ ಒಂದು ಕಾಸಿನ ರಿಯಾಯಿತಿಯೂ ಇಲ್ಲ. ಅಷ್ಟು ಹೆಸರಿಲ್ಲದ ಇನ್ನೊಂದು ಶಾಲೆಯು ಅರ್ಧ ಶುಲ್ಕವನ್ನು ಬಿಡುವೆನೆನ್ನುತ್ತದೆ. ತರಗತಿಯ ಮೊದಲ ಮೂರನೆಯ ಒಂದು ಪಾಲಿನಲ್ಲಿ ಅವಳು ನಿಲ್ಲಬೇಕೆಂಬುದು ನಿಬಂಧನೆ. ಮೂರನೆಯ ದಾರಿ, ಒಂದು ವರ್ಷ ಎಲ್ಲಿಯಾದರೂ ದುಡಿಯುತ್ತ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳುವುದು. ಯಾವುದು ಯುಕ್ತ?

ಇಂತಹ ಸಂದರ್ಭದಲ್ಲಿ ಎಲ್ಲರೂ ಮೊದಲು ಕೇಳುವುದು ಪ್ರವೇಶದ ಸಂಭವವನ್ನು. ಅದಕ್ಕೆ ಉತ್ತರ ಹೇಳುವ ಅಂಕಿಗಳೂ ಬೇಕಾದಷ್ಟಿವೆ. ಅಮೆರಿಕದ ಬಾರ್ ಅಸೋಸಿಯೇಷನ್ನಿನ ನಿಯಮದಂತೆ ಪ್ರತಿಯೊಂದು ಶಾಲೆಯೂ ತಾನು ಸೇರಿಸಿಕೊಂಡವರ ನಡುವಣ ಅಂಕವೆಷ್ಟು, ಕೆಳಗಿನ ಕಾಲುಪಾಲಿನವರ ಗಡಿ ಯಾವುದು, ಮೇಲಿನ ಕಾಲುಪಾಲಿನವರದು ಯಾವುದು ಎಂಬುದನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಇವನ್ನು ನೋಡಿ ತರುಣರು ರಾತ್ರಿಯೆಲ್ಲ ಗುಣಿಸಿ ಭಾಗಿಸುತ್ತಾರೆ. ಆದರೆ ಅವು ಕಳೆದ ವರ್ಷ ಒಳಹೊಕ್ಕವರ ವೃತ್ತಾಂತ. ಮುಂದಿನ ವರ್ಷ ಬಾಗಿಲು ತಟ್ಟುವವಳ ಜಾತಕವಲ್ಲ. ನೂರರಲ್ಲಿ ಮೂವತ್ತು ಮಂದಿಗೆ ಸ್ಥಳ ದೊರೆಯುವುದೆಂದರೆ ಒಬ್ಬಳಿಗೆ ಹತ್ತರಲ್ಲಿ ಮೂರು ಪಾಲು ಸ್ಥಳ ದೊರೆಯುವುದಿಲ್ಲ; ದೊರೆತರೆ ಪೂರ್ತಿಯಾಗಿ, ಇಲ್ಲವಾದರೆ ಏನೂ ಇಲ್ಲ. ಸಂಭವವೆಂಬುದು ಗುಂಪಿನ ಸೊತ್ತು, ಸಾಲವು ಒಬ್ಬಳ ಹೆಗಲಿನ ಹೊರೆ. ಗುಂಪಿನ ಲೆಕ್ಕದಿಂದ ಧೈರ್ಯವನ್ನು ಪಡೆದು ಒಬ್ಬಳೇ ತೀರಿಸಬೇಕಾದ ಪತ್ರಕ್ಕೆ ರುಜು ಹಾಕುವುದರಲ್ಲಿ ಈ ವಿಷಯದ ತೊಡಕೆಲ್ಲ ಅಡಗಿದೆ.

ಶಾಲೆಯನ್ನು ಮುಗಿಸಿ ಹೊರಬಂದ ಮೇಲೂ ಲೆಕ್ಕವು ಹೀಗೆಯೇ ಮೋಸಗೊಳಿಸುತ್ತದೆ. ಅಲ್ಲಿಯ ಹೊಸ ವಕೀಲರ ಸಂಬಳಗಳನ್ನು ನಕ್ಷೆಯಲ್ಲಿ ಬರೆದರೆ ಒಂದೇ ಗುಡ್ಡವಾಗಿ ಕಾಣದೆ ಒಂಟೆಯ ಬೆನ್ನಿನಂತೆ ಎರಡು ಡುಬ್ಬಗಳಾಗಿ ಕಾಣುತ್ತವೆ. ದೊಡ್ಡ ನಗರಗಳ ದೊಡ್ಡ ಕಂಪೆನಿಗಳು 2024ರ ಹೊತ್ತಿಗೆ ಮೊದಲ ವರ್ಷದವರಿಗೇ 2,25,000 ಡಾಲರ್ ಕೊಡುತ್ತಿದ್ದವು. ಬಡವರ ಪರ ವಾದಿಸುವ ಸರ್ಕಾರಿ ವಕೀಲರಿಗೂ ಸಣ್ಣ ಊರಿನ ಕಚೇರಿಗಳಲ್ಲಿರುವವರಿಗೂ ಅದರ ಮೂರನೆಯ ಒಂದು ಪಾಲು ಸಿಕ್ಕಿದರೆ ಹೆಚ್ಚು. ಇವೆರಡರ ಸರಾಸರಿಯನ್ನು ಹೇಳಿದರೆ, ಆ ಸರಾಸರಿಯ ಸಂಬಳವನ್ನು ಪಡೆಯುವವರು ಬಹಳ ವಿರಳ. 2008ರ ಆರ್ಥಿಕ ಕುಸಿತದ ಬಳಿಕ ಕೆಲಸ ಸಿಕ್ಕದ ಪದವೀಧರರು ಗುಂಪುಗುಂಪಾಗಿ ಲಾ ಸ್ಕೂಲುಗಳನ್ನು ಹೊಕ್ಕರು. 2010ರಲ್ಲಿ ಸೇರಿದವರು 52,000ಕ್ಕೂ ಮಿಕ್ಕು. ಅವರು ಹೊರಬರುವ ಹೊತ್ತಿಗೆ, 2013ರಲ್ಲಿ, ಸೇರುವವರ ಸಂಖ್ಯೆ 40,000ಕ್ಕಿಂತ ಕೆಳಗಿಳಿದಿತ್ತು. ಮುಂದೆ ಹೋದವರ ಪಾಡನ್ನು ನೋಡಿ ಹಿಂದಿನವರು ಎಚ್ಚರಗೊಂಡರು; ಮುಂದೆ ಹೋದವರಿಗೆ ಎಚ್ಚರ ಹೇಳಲು ಯಾರೂ ಇರಲಿಲ್ಲ.

ಇನ್ನು ಮತ್ತೆ ಪರೀಕ್ಷೆಗೆ ಕೂರುವ ಮಾತು. ಜೀವಮಾನದಲ್ಲಿ 7 ಸಲ ಈ ಪರೀಕ್ಷೆಗೆ ಕುಳಿತುಕೊಳ್ಳಲು ಅವಕಾಶವುಂಟು. 2006ಕ್ಕೆ ಮೊದಲು ಒಬ್ಬರ ಹಲವು ಅಂಕಗಳ ಸರಾಸರಿಯನ್ನು ಶಾಲೆಗಳು ಒಪ್ಪಿಸಬೇಕಾಗಿತ್ತು. ಆ ವರ್ಷದಿಂದ ಅತ್ಯಧಿಕ ಅಂಕವನ್ನೇ ಒಪ್ಪಿಸಿದರೆ ಸಾಕೆಂದಾಯಿತು. ಅಂದಿನಿಂದ ಮರುಪರೀಕ್ಷೆಯು ನಾಚಿಕೆಯ ವಿಷಯವಾಗಿರದೆ ಉಪಾಯವಾಗಿ ಪರಿಣಮಿಸಿತು. ಇದು ನ್ಯಾಯವೇ ಎಂದು ಕೇಳುವವರಿದ್ದಾರೆ: ಅದೇ ಬುದ್ಧಿ, ಅದೇ ತಲೆ, ಮೂರನೆಯ ಯತ್ನದಲ್ಲಿ ಆರು ಅಂಕ ಹೆಚ್ಚು ಬಂದರೆ ಯೋಗ್ಯತೆ ಹೆಚ್ಚಿತೆ? ಈ ಆಕ್ಷೇಪದಲ್ಲಿ ತಿರುಳು ಕಡಿಮೆ. ಪರೀಕ್ಷೆ ನಡೆಸುವವರೇ ತಮ್ಮ ಅಳತೆಯಲ್ಲಿ ಸುಮಾರು ಮೂರು ಅಂಕಗಳು ಅತ್ತಿತ್ತ ಆಗಬಹುದೆಂದು ಒಪ್ಪುತ್ತಾರೆ. ತಕ್ಕಡಿಯೇ ತೂಗಾಡುವಾಗ ಒಮ್ಮೆ ತೂಗಿದುದನ್ನೇ ಪ್ರಮಾಣವೆಂದು ಹಿಡಿಯುವುದು ಏತರ ನ್ಯಾಯ? ಮೇಲಾಗಿ, ವಾದವನ್ನು ಮತ್ತೆ ಮತ್ತೆ ಬಿಡಿಸಿ ಓದುವ ಅಭ್ಯಾಸವೇ ವಕೀಲನ ಕಸುಬು. ಸಾಧಕ ಮಾಡಿ ಹಾಡಿದ ಗಾಯಕನನ್ನು ಯಾರೂ ಮೋಸಗಾರನೆನ್ನುವುದಿಲ್ಲ.

ನಿಜವಾದ ಅನ್ಯಾಯವಿರುವುದು ಬಿಡುವಿನ ಹಂಚಿಕೆಯಲ್ಲಿ. ಉಳ್ಳವರ ಮಗನು ಕೆಲಸವನ್ನು ಬಿಟ್ಟು, ಉಪಾಧ್ಯಾಯರನ್ನು ಗೊತ್ತುಮಾಡಿಕೊಂಡು, ಆರು ತಿಂಗಳು ತಯಾರಿ ನಡೆಸುತ್ತಾನೆ. ಹೋಟೆಲಿನಲ್ಲಿ ದುಡಿಯುವವಳು ಹಗಲೆಲ್ಲ ತಟ್ಟೆ ಎತ್ತಿ ರಾತ್ರಿ ಪುಸ್ತಕ ತೆರೆಯುತ್ತಾಳೆ. ಆದರೂ ಮರುಪರೀಕ್ಷೆಯ ಬಾಗಿಲನ್ನು ಮುಚ್ಚಿದರೆ ನಷ್ಟವಾಗುವುದು ಅವಳಿಗೇ. ಪರೀಕ್ಷೆಯ ಶುಲ್ಕ ಮುನ್ನೂರು ಡಾಲರಿನ ಒಳಗೆ. ಅದರಿಂದ ಏರುವ ನಾಲ್ಕೈದು ಅಂಕಗಳು ಶುಲ್ಕದಲ್ಲಿ ಹತ್ತಾರು ಸಾವಿರ ಡಾಲರಿನ ರಿಯಾಯಿತಿಯನ್ನು ತರಬಲ್ಲವು. ಹಾಗೆಂದು ಆಸೆಯ ಮೇಲೆ ಆಸೆಯನ್ನು ಕಟ್ಟಿಕೊಂಡು ಏಳು ಸಲವೂ ಕೂರುವುದು ಛಲವೆನಿಸಲಾರದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಬರೆದಾಗ ಪದೇ ಪದೇ 163 ಬರುತ್ತಿದ್ದು, ಪರೀಕ್ಷೆಯ ದಿನ ಮಾತ್ರ 158 ಬಂದಿದ್ದರೆ ಮತ್ತೆ ಕೂರುವುದಕ್ಕೆ ಆಧಾರವುಂಟು. ಮನೆಯಲ್ಲಿಯೂ 158 ಬರುತ್ತಿದ್ದರೆ ಅಭ್ಯಾಸದ ಕ್ರಮವನ್ನೇ ಬದಲಿಸಬೇಕು. ಬರಿಯ ದಿನವನ್ನು ಬದಲಿಸಿ ಫಲವನ್ನು ನಿರೀಕ್ಷಿಸುವುದು ಲಾಟರಿ.

ಆದರೆ ಒಂದು ವರ್ಷ ಕಾಯುವುದೆಂದರೆ ಎದೆ ಒಡೆಯುವವರೇ ಬಹಳ. ಗೆಳತಿಯರು ಮುಂದೆ ಹೋದರು, ನೆಂಟರು ಕೇಳುತ್ತಾರೆ, ವರ್ಷವೊಂದು ದಂಡವಾಯಿತು ಎಂಬ ಮಾತು ಅಮೆರಿಕದಲ್ಲಿಯೂ ಕೇಳಬರುತ್ತದೆ. ಈ ದಂಡವನ್ನು ಮತ್ತೊಂದು ದಂಡದೊಡನೆ ಹೋಲಿಸಿ ನೋಡಬೇಕು. ಹೆಸರಾಂತ ಖಾಸಗಿ ಶಾಲೆಗಳಲ್ಲಿ ಬೋಧನ ಶುಲ್ಕವೇ ವರ್ಷಕ್ಕೆ 70,000 ಡಾಲರನ್ನು ಮೀರಿದೆ. ಎರಡು ಲಕ್ಷ ಡಾಲರನ್ನು ನೂರಕ್ಕೆ 8ರ ಬಡ್ಡಿಗೆ ತಂದು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 2,427 ಡಾಲರ್. ಒಟ್ಟು ತೆರುವುದು 2,91,000ಕ್ಕೂ ಮಿಕ್ಕು. ಕಾದು, ಓದಿ, ಸಾಲವನ್ನು ಅರ್ಧಕ್ಕಿಳಿಸಿದವಳು ಒಂದು ವರ್ಷವನ್ನು ಕಣ್ಣೆದುರಿಗೆ ಕಳೆದುಕೊಳ್ಳುತ್ತಾಳೆ. ಅವಸರಪಟ್ಟವಳು ಹಲವು ವರ್ಷಗಳನ್ನು ಕಾಣದಂತೆ ಕಳೆದುಕೊಳ್ಳುತ್ತಾಳೆ. ಪತ್ರಕ್ಕೆ ರುಜು ಹಾಕುವವಳು ಇಪ್ಪತ್ತೆರಡರ ತರುಣಿ, ಕಂತು ಕಟ್ಟುವವಳು ಮೂವತ್ತೈದರ ಗೃಹಿಣಿ. ಎರಡನೆಯವಳನ್ನು ಕೇಳಿ ಮೊದಲನೆಯವಳು ರುಜು ಹಾಕುವಂತಿಲ್ಲ.

ಸಾಲವಿದ್ದರೆ ವಕೀಲಿಗೆ ಕುಂದೇನು ಎನ್ನುವವರು ಅಬ್ರಹಾಂ ಲಿಂಕನ್ನನ ಉದಾಹರಣೆಯನ್ನು ಕೊಟ್ಟಾರು. ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಪಾಲುಗಾರನೊಡನೆ ಇಟ್ಟ ಅಂಗಡಿ ಮುಳುಗಿ, 1835ರಲ್ಲಿ ಆ ಪಾಲುಗಾರನೂ ತೀರಿಹೋದಾಗ, ಸಾಲವೆಲ್ಲವೂ ಲಿಂಕನ್ನನ ತಲೆಗೆ ಬಂತು. ಅದನ್ನು ರಾಷ್ಟ್ರದ ಸಾಲವೆಂದು ಹಾಸ್ಯಮಾಡುತ್ತ ಅವನು ವರ್ಷಗಟ್ಟಲೆ ದುಡಿದು ತೀರಿಸಿದನು. 1836ರಲ್ಲಿ ವಕೀಲಿಯ ಸನ್ನದನ್ನೂ ಪಡೆದನು. ಉದಾಹರಣೆ ಸೊಗಸಾಗಿದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಲಿಂಕನ್ನನು ಕಾನೂನನ್ನು ಕಲಿತದ್ದು ಎರವಲು ಪುಸ್ತಕಗಳಿಂದ. ಅವನ ಸಾಲವು ಅಂಗಡಿಯ ಸಾಲ, ಅವನ ವೃತ್ತಿಯು ಅದನ್ನು ತೀರಿಸಿದ ಸಾಧನ. ಇಂದಿನ ತರುಣಿಗೆ ವೃತ್ತಿಯೇ ಸಾಲದ ಕಾರಣ. ಹಣ ಕೊಡುವ ಕಕ್ಷಿಗಾರನಿಗೆ ನಿನ್ನ ವಾದವು ನಿಲ್ಲದು ಎಂದು ಮುಖಕ್ಕೆ ಹೇಳುವ ಧೈರ್ಯವು ವಕೀಲನಿಗೆ ಬೇಕು. ತಿಂಗಳ ಮೊದಲ ತಾರೀಖನ್ನು ನೆನೆದು ಬೆವರುವವಳಿಗೆ ಅದು ಎಲ್ಲಿಂದ ಬರಬೇಕು? ಬಡವರ ಪರ ನಿಲ್ಲಲು ಹೊರಟವಳು ಕಂತಿಗಾಗಿ ದೊಡ್ಡ ಕಂಪೆನಿಯ ಮೇಜಿನ ಮುಂದೆ ಕುಳಿತರೆ ಅವಳನ್ನು ಹಳಿಯುವುದು ಸುಲಭ. ಅವಳಂಥವರಿಗಾಗಿ 2007ರ ಒಂದು ಶಾಸನವು, ಸಾರ್ವಜನಿಕ ಸೇವೆಯಲ್ಲಿದ್ದು 120 ಕಂತುಗಳನ್ನು ಕಟ್ಟಿದರೆ ಸರ್ಕಾರಿ ಸಾಲದಲ್ಲಿ ಉಳಿದುದನ್ನು ಮನ್ನಾ ಮಾಡುತ್ತದೆ, ನಿಜ. ಆ ಹತ್ತು ವರ್ಷಗಳಲ್ಲಿ ಸೇವೆಯು ಎಷ್ಟು ಪಾಲು ಇಚ್ಛೆ, ಎಷ್ಟು ಪಾಲು ಕಟ್ಟು ಎಂಬುದನ್ನು ಅವಳೇ ಹೇಳಬೇಕು.

ಈ ನಾಡಿನ ಹಿರಿಯರು ಋಷಿಋಣವೆಂದೊಂದನ್ನು ಹೇಳಿದ್ದರು: ಕಲಿತುದನ್ನು ಉಳಿಸಿಕೊಂಡು ಬಂದು ಇನ್ನೊಬ್ಬರಿಗೆ ಕಲಿಸಿದರೆ ಅದು ತೀರುತ್ತದೆ. ಹಣದ ಋಣಕ್ಕೂ ಅವರು ಒಂದು ಮೇರೆಯನ್ನು ಕಟ್ಟಿದ್ದರು. ದಾಮ್‌ದುಪಟ್ಟು ಎಂದು ಪ್ರಸಿದ್ಧವಾದ ಆ ಧರ್ಮಶಾಸ್ತ್ರದ ನಿಯಮದಂತೆ, ಒಂದೇ ಸಲಕ್ಕೆ ವಸೂಲಾಗುವ ಬಡ್ಡಿಯು ಅಸಲನ್ನು ಮೀರಬಾರದು. ಅಮೆರಿಕದಲ್ಲಿ ವಿದ್ಯೆಯ ಸಾಲಕ್ಕೆ ಈ ಮೇರೆಯಿಲ್ಲ. ಆದಾಯಕ್ಕೆ ತಕ್ಕಂತೆ ಕಟ್ಟುವ ಕಂತು ಬಡ್ಡಿಗೂ ಸಾಲದೆ ಹೋದಾಗ, ತಪ್ಪದೆ ಕಟ್ಟುತ್ತ ಬಂದವರ ಬಾಕಿಯೂ ಬೆಳೆದುದುಂಟು. ವ್ಯಾಪಾರದಲ್ಲಿ ಮುಳುಗಿದವನು ದಿವಾಳಿ ಅರ್ಜಿ ಹಾಕಿ ಬಿಡುಗಡೆ ಹೊಂದಬಹುದು. ವಿದ್ಯೆಗಾಗಿ ಸಾಲಮಾಡಿದವಳಿಗೆ ಆ ದಾರಿಯನ್ನು 1976ರಿಂದ ಮೆಟ್ಟಲು ಮೆಟ್ಟಲಾಗಿ ಕಿರಿದುಮಾಡುತ್ತ ಬಂದು, 1998ರಲ್ಲಿ ಅಸಹನೀಯ ಕಷ್ಟವನ್ನು ನ್ಯಾಯಸ್ಥಾನದಲ್ಲಿ ಸ್ಥಾಪಿಸಿದ ಹೊರತು ಬಿಡುಗಡೆಯಿಲ್ಲವೆಂದು ಮಾಡಿದರು.

ಹೀಗಿರುವಾಗ ವಿವೇಕವನ್ನೆಲ್ಲ ಇಪ್ಪತ್ತೆರಡರ ತರುಣಿಯೊಬ್ಬಳಿಂದಲೇ ನಿರೀಕ್ಷಿಸುವುದು ಸರಿಯಲ್ಲ. ನಿಬಂಧನೆಯ ಮೇಲೆ ಶುಲ್ಕ ಬಿಡುವ ಶಾಲೆಯನ್ನೇ ನೋಡಲಿ. ಮೊದಲ ಮೂರನೆಯ ಒಂದು ಪಾಲಿನಲ್ಲಿ ನಿಲ್ಲಬಲ್ಲವರು ಎಷ್ಟು ಮಂದಿಯೆಂಬುದು ಗಣಿತ ಬಲ್ಲ ಯಾರಿಗೂ ತಿಳಿದಿದೆ. ಅದಕ್ಕಿಂತ ಹೆಚ್ಚು ಮಂದಿಗೆ ಅದೇ ವಾಗ್ದಾನವನ್ನು ಮಾಡಿದರೆ, ಎರಡನೆಯ ವರ್ಷದಲ್ಲಿ ಕೆಲವರು ಪೂರ್ತಿ ಶುಲ್ಕವನ್ನು ತೆರಲೇಬೇಕಾಗುತ್ತದೆ. ಒಬ್ಬೊಬ್ಬಳಿಗೂ ತಾನು ಗೆಲ್ಲುವೆನೆಂದು ತೋರುತ್ತದೆ. ಎಲ್ಲರೂ ಗೆಲ್ಲಲಾರರೆಂದು ಬಲ್ಲುದು ಶಾಲೆ. ತಿಳಿದವನು ತಿಳಿಯದವನೊಡನೆ ಆಡುವ ಪಣಕ್ಕೆ ವ್ಯವಹಾರದಲ್ಲಿ ಏನೆನ್ನುತ್ತಾರೆಂಬುದನ್ನು ನ್ಯಾಯವನ್ನು ಬೋಧಿಸುವ ಸಂಸ್ಥೆಗೆ ಹೇಳಿಕೊಡಬೇಕಾಗಿಲ್ಲ. ಇಂತಹ ವೇತನಗಳನ್ನು ಎಷ್ಟು ಮಂದಿ ಕಳೆದುಕೊಂಡರೆಂಬುದನ್ನು ಪ್ರಕಟಿಸಬೇಕೆಂದು ಬಾರ್ ಅಸೋಸಿಯೇಷನ್ನು ವಿಧಿಸಿದ ಮೇಲೆ, ವಿಚಾರಿಸುವವರಿಗೆ ಕಣ್ಣಾದರೂ ಬಂದಿತು.

2006ರಿಂದ ಶಾಲೆಯು ಎಷ್ಟು ವೆಚ್ಚವೆಂದರೆ ಅಷ್ಟನ್ನೂ ಸರ್ಕಾರವೇ ಸಾಲವಾಗಿ ಕೊಡುವ ಏರ್ಪಾಡು ನಡೆದುಬಂದಿತು. 2025ರ ಜುಲೈ ತಿಂಗಳಲ್ಲಿ ಅಂಗೀಕೃತವಾದ ಶಾಸನವು, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ನ್ಯಾಯವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000, ಒಟ್ಟಿಗೆ 2,00,000 ಡಾಲರ್ ಎಂದು ಮಿತಿಯನ್ನು ಗೊತ್ತುಮಾಡಿತು. ಮಿತಿಯಿಂದ ಶಾಲೆಗಳು ಶುಲ್ಕವನ್ನು ಇಳಿಸಿಯಾವು ಎಂಬುದು ಕೆಲವರ ಆಶೆ. ಉಳಿದ ಹಣಕ್ಕಾಗಿ ತರುಣರು ಖಾಸಗಿ ಸಾಲಗಾರರ ಬಾಗಿಲಿಗೆ ಹೋಗಬೇಕಾದೀತೆಂಬುದು ಇನ್ನು ಕೆಲವರ ಭಯ. ಆ ಬಾಗಿಲಿನಲ್ಲಿ ಸಾಮಾನ್ಯವಾಗಿ ಮೊದಲು ಕೇಳುವುದು ಜಾಮೀನನ್ನು. ತಂದೆಯ ಸಾಲವನ್ನು ಮಗನು ತೀರಿಸಬೇಕೆಂದು ಹಿಂದಿನ ಶಾಸ್ತ್ರಕಾರರು ವಿಧಿಸಿದ್ದರು. ಇಲ್ಲಿ ಮಗಳ ವಿದ್ಯೆಯ ಪತ್ರದ ಅಡಿಯಲ್ಲಿ, ಕೆಲಸದಿಂದ ನಿವೃತ್ತನಾಗುವ ವಯಸ್ಸಿನ ತಂದೆಯು ಕನ್ನಡಕವನ್ನು ಸರಿಪಡಿಸಿಕೊಂಡು ತನ್ನ ರುಜುವನ್ನೂ ಹಾಕಬೇಕು.